ಹಡಗಿನ ಗುರುತಿನ ಬ್ಲೇಡು

ಕನ್ನಡಕದ ಅಂಗಡಿಯವನ ಕುತ್ತಿಗೆಯ ತುಂಬ ಕೆಂಪು ಗುಳ್ಳೆಗಳೆದ್ದು ಎರಡು ತಿಂಗಳಾಗಿತ್ತು. ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸುವಾಗ ಅವನ ಮುಖ ಅವರ ಮುಖಕ್ಕೆ ಒಂದು ಗೇಣು ದೂರದಲ್ಲಿರುತ್ತಿತ್ತು. ಹಾಗಾಗಿ ಅದು ಮುಚ್ಚಿಡುವಂಥ ಸಂಗತಿಯೂ ಆಗಿರಲಿಲ್ಲ. ಒಂದು ದಿನ ಹೊಸ ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು ಅವನನ್ನು ಮೊದಲ ಸಲ ಸ್ಪಷ್ಟವಾಗಿ ನೋಡಿದಳು. ಮನೆಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಆಗಿದೆಯೇ ಎಂದು ಕೇಳಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು. ಅವತ್ತೇ ಸಂಜೆ ಅವನು ಚರ್ಮದ ಡಾಕ್ಟರ ಹತ್ತಿರ ಹೋದ.

ಐದೈದು ಅಲಗಿನ ರೇಜರು ಕೂದಲನ್ನು ಚರ್ಮಕ್ಕಿಂತ ಕೆಳಗೆ ಕತ್ತರಿಸುತ್ತದೆ, ಅದು ಒಳಗೇ ಸುರುಳಿಯಾಗಿ ಗುಳ್ಳೆ ಏಳುತ್ತದೆ ಎಂದರು ಡಾಕ್ಟರು. ಬ್ರಶ್ಶು, ಸೋಪು, ಒಂದೇ ಬ್ಲೇಡಿನ ಹಳೇ ರೇಜರಿಗೆ ಬದಲಾಯಿಸಿಕೊಳ್ಳಲು ಹೇಳಿದರು. ಯಾವ ಬ್ಲೇಡು ಎಂದು ಇವನು ಕೇಳಿದ. ಒಬ್ಬೊಬ್ಬರಿಗೆ ಒಂದೊಂದು ಒಗ್ಗುತ್ತದೆ, ನೀವೇ ಕಂಡುಕೊಳ್ಳಬೇಕು ಎಂದು ಹೇಳಿ ಅವರು ಮುಂದಿನವರನ್ನು ಕರೆದರು.

ಮನೆಯಲ್ಲಿ ಆ ವಿದ್ಯೆ ಗೊತ್ತಿದ್ದದ್ದು ಮಾವನಿಗೆ ಒಬ್ಬರಿಗೇ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವರು ಅವರು. ಅತ್ತೆ ತೀರಿಕೊಂಡ ಮೇಲೆ ಮಗಳು ಅಳಿಯನ ಜೊತೆಗೇ ಇದ್ದರು. ಅಳಿಯನ ಕೋರಿಕೆ ಕೇಳಿ ಪೆಟ್ಟಿಗೆಯ ತಳದಿಂದ ತಮ್ಮ ಎರಡನೇ ರೇಜರನ್ನು ತೆಗೆದು, ಉಜ್ಜಿ ತೊಳೆದು ಕೊಟ್ಟರು. ಬ್ಲೇಡು ಮಾತ್ರ ಕೊಡಲಿಲ್ಲ. ಅವರು ಆಯುಷ್ಯವಿಡೀ ಬಳಸಿದ್ದು ಹಡಗಿನ ಚಿತ್ರವಿದ್ದ ಒಂದೇ ಗುರುತಿನ ಬ್ಲೇಡು. ಆ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಉಳಿದಿದ್ದ ದಾಸ್ತಾನನ್ನು ಅವರು ಒಂದು ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕಪಾಟಿನಲ್ಲಿಟ್ಟಿದ್ದರು.

"ಮಿಕ್ಕ ಬ್ಲೇಡೆಲ್ಲಾ ಪೆನ್ಸಿಲ್ ಕೆತ್ತೋಕೆ ಸರಿ," ಎಂದರು. "ಆದ್ರೂ ನೀವು ನೋಡಿ. ನಿಮ್ಮ ಮುಖ, ನಿಮ್ಮ ಪಾಡು."

ಬೀದಿ ತಿರುವಿನ ಅಂಗಡಿಯಲ್ಲಿ ನಾಲ್ಕು ಬಗೆ ಸಿಕ್ಕವು: ಕೆಂಪು ಪೊಟ್ಟಣ, ಹಸಿರು, ಹಳದಿ, ನೀಲಿ. ಕೆಂಪು ತುಂಬಾ ಹರಿತ ಎಂದ ಅಂಗಡಿಯವ. ಹಸಿರು ಮೃದು. ಹಳದಿ ಎರಡರ ಮಧ್ಯೆ. ನೀಲಿಯ ಬಗ್ಗೆ ಕೇಳಿದಾಗ ಅದೂ ಇದೆ ಎಂದಷ್ಟೇ ಹೇಳಿದ.

ಮೊದಲ ದಿನ ಕೆಂಪಿನಲ್ಲಿ ಮೂರು ಕಡೆ ರಕ್ತ ಬಂತು. ಅದನ್ನು ಗರಗಸವೆಂದು ಕರೆದು ಪಕ್ಕಕ್ಕಿಟ್ಟ. ಹಸಿರು ಕೂದಲನ್ನು ಕತ್ತರಿಸದೆ ಎಳೆಯಿತು. ಕಣ್ಣಲ್ಲಿ ನೀರು ಬಂತು. ಹಳದಿ ಮಂಗಳವಾರ ಬೆಣ್ಣೆಯಂತೆ ಹರಿಯಿತು. ಸಿಕ್ಕಿತು ಎಂದು ಹಿಗ್ಗಿ ಹೆಂಡತಿಯಿಂದ ಕೆನ್ನೆ ಮುಟ್ಟಿಸಿಕೊಂಡ. ಅದೇ ಹಳದಿ ಗುರುವಾರ ಗದ್ದದ ಕೆಳಗೆ ಕಚ್ಚಿತು. ಪಕ್ಕದ ಔಷಧಿ ಅಂಗಡಿಯವನು ಮುಖಕ್ಕೆ ಬಿಸಿನೀರು ಹಾಕಬೇಕೆಂದ. ಎದುರಿನ ಬೀಗ ರಿಪೇರಿಯವನು ಬಿಸಿನೀರಿನಿಂದಲೇ ಎಲ್ಲಾ ಕೆಟ್ಟದ್ದು, ತಣ್ಣೀರೇ ಸರಿ ಎಂದ. ಇವನು ಇಬ್ಬರ ಮಾತನ್ನೂ ಕೇಳಿ, ನಡುವೆ ಸೋಪನ್ನೂ ಬದಲಿಸಿದ. ಈಗ ಉರಿ ಬ್ಲೇಡಿನದೋ, ಸೋಪಿನದೋ, ನೀರಿನದೋ ತಿಳಿಯದೆ ತಲೆ ಕೆಟ್ಟುಹೋಯಿತು.

ಕಣ್ಣಿನ ನಂಬರು ಬರೆಯುವ ಚೀಟಿಯ ಹಿಂದೆ, ವೃತ್ತಿಯ ಅಭ್ಯಾಸದಂತೆ, ಬಲ ಎಡ ಎಂದು ಎರಡು ಸಾಲು ಮಾಡಿ ದಿನಾ ಬರೆಯತೊಡಗಿದ. ಹದಿನೈದು ದಿನವಾದ ಮೇಲೆ ಓದಿದರೆ ಬಲಗೆನ್ನೆಗೆ ಹಸಿರು ಒಳ್ಳೆಯದು, ಎಡಗೆನ್ನೆಗೆ ಹಳದಿ, ಕುತ್ತಿಗೆಗೆ ಯಾವುದೂ ಇಲ್ಲ ಎಂದಿತ್ತು.

ಆ ವಾರ ಅಂಗಡಿಗೆ ಬಂದ ನಿವೃತ್ತ ಮೇಷ್ಟ್ರೊಬ್ಬರ ಕಣ್ಣು ಪರೀಕ್ಷಿಸುತ್ತ, ಗಾಜು ತಿರುಗಿಸಿ ತಿರುಗಿಸಿ, ಇದು ಚೆನ್ನಾಗಿ ಕಾಣುತ್ತೋ ಅದೋ ಎಂದು ಕೇಳುತ್ತಿದ್ದ. ಮೇಷ್ಟ್ರು ಎರಡೂ ಒಂದೇ ಥರ ಎಂದರು. ಆಮೇಲೆ ಇಲ್ಲ, ಮೊದಲಿನದು ಎಂದರು. ಮತ್ತೆ ಅದನ್ನೇ ತೋರಿಸಿದರೆ ಇದಲ್ಲ ಎಂದರು. ಬೇರೆ ದಿನವಾಗಿದ್ದರೆ ಅವನು ಒಳಗೊಳಗೇ ಹಲ್ಲು ಕಡಿಯುತ್ತಿದ್ದ. ಅವತ್ತು ಗಾಜಿನಿಂದ ಕೈ ತೆಗೆದು, ನಾಳೆ ಬನ್ನಿ ಮೇಷ್ಟ್ರೇ, ನಿಮ್ಮ ತಪ್ಪಲ್ಲ ಎಂದ. ಮೇಷ್ಟ್ರು ಗಾಬರಿಯಾಗಿ, ಕಣ್ಣಿಗೆ ಅಂಥದ್ದೇನಾಗಿದೆ ಎಂದು ಕೇಳಿದರು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ನಾಚಿಕೆ ಬಿಟ್ಟು ಮಾವನ ಮುಂದೆ ನಿಂತು, ಹಡಗಿನ ಬ್ಲೇಡು ಒಂದೇ ಒಂದು ಕೊಡಿ ಎಂದು ಕೇಳಿದ. ಮಾವ ಅವನ ಕುತ್ತಿಗೆಯನ್ನು ಸ್ವಲ್ಪ ಹೊತ್ತು ನೋಡಿದರು. ನಂತರ ಕಪಾಟು ತೆರೆದು, ಡಬ್ಬಿ ತೆರೆದು, ಬಣ್ಣಗೆಟ್ಟ ಕಾಗದದಲ್ಲಿ ಸುತ್ತಿದ್ದ ಒಂದು ಬ್ಲೇಡನ್ನು ಎರಡೂ ಕೈಯಲ್ಲಿ ಕೊಟ್ಟರು.

ಆ ಕ್ಷೌರದಂಥ ಕ್ಷೌರ ಅವನ ಜನ್ಮದಲ್ಲಿ ಆಗಿರಲಿಲ್ಲ. ಎಲ್ಲೂ ಎಳೆಯಲಿಲ್ಲ, ಕಚ್ಚಲಿಲ್ಲ, ಉರಿಯಲಿಲ್ಲ. ಕುತ್ತಿಗೆ ಮಗುವಿನ ಕುತ್ತಿಗೆಯಂತಿತ್ತು. ಟವೆಲು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಗೆ ಬಂದು, ಇಂಥ ಬ್ಲೇಡು ತಯಾರಿಸುವುದನ್ನು ನಿಲ್ಲಿಸಿದವರು ಎಂಥ ಮೂರ್ಖರು ಎಂದು ಹೆಂಡತಿಯ ಮುಂದೆ ಉಪನ್ಯಾಸ ಶುರುಮಾಡಿದ.

ಅವಳು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸದವಳು. ಮಾತು ಕಡಿಮೆ. ಎದ್ದು ಹೋಗಿ ಅಪ್ಪನ ಕೋಣೆಯ ಬಾಗಿಲು ಮುಚ್ಚಿದೆಯೇ ಎಂದು ನೋಡಿಬಂದಳು.

"ರೀ, ಕನ್ನಡಕ ಹಾಕ್ಕೊಂಡು ಆ ಬ್ಲೇಡ್ ಮೇಲೆ ಏನು ಬರ್ದಿದೆ ಓದಿ."

ಕ್ಷೌರದ ಹೊತ್ತಿಗೆ ಅವನು ಕನ್ನಡಕ ತೆಗೆದಿಡುತ್ತಿದ್ದ. ಈಗ ಹಾಕಿಕೊಂಡು, ರೇಜರು ಬಿಚ್ಚಿ ಓದಿದ. ಅದು ಕೆಂಪು ಪೊಟ್ಟಣದ ಬ್ಲೇಡು. ಅವನು ಗರಗಸವೆಂದು ಪಕ್ಕಕ್ಕಿಟ್ಟಿದ್ದದ್ದು.

"ಅಪ್ಪನ ಹಡಗು ಮುಗಿದು ವರ್ಷ ಆಯ್ತು," ಎಂದಳು. "ಇನ್ನೇನು ಖಾಲಿ ಆಗುತ್ತೆ ಅಂತ ಅವರು ದಿನಾ ಎಣಿಸೋರು, ಊಟ ಸೇರ್ತಿರ್ಲಿಲ್ಲ. ಹಳೇ ಕಾಗದ ಎಲ್ಲಾ ಮಡಚಿ ಇಟ್ಟಿದ್ರು. ಅದರಲ್ಲೇ ಕೆಂಪಿಂದು ಸುತ್ತಿಡ್ತಾ ಬಂದೆ. ಅವರಿಗೆ ಗೊತ್ತಾಗಿಲ್ಲ. ನೀವು ಬಾಯಿ ಬಿಡಬೇಡಿ."

ಅವನು ಬ್ಲೇಡನ್ನು ತಿರುಗಿಸಿ ಮತ್ತೊಮ್ಮೆ ಓದಿದ. ಅದೇ ಬ್ಲೇಡು ಒಂದು ಕಾಗದದಲ್ಲಿ ಗರಗಸ, ಇನ್ನೊಂದು ಕಾಗದದಲ್ಲಿ ರೇಷ್ಮೆ. ಹಾಗಾದರೆ ಕೆನ್ನೆ ಹೇಳಿದ್ದು ಸುಳ್ಳೇ? ಮರುದಿನ ಪರೀಕ್ಷಿಸೋಣವೆಂದು ಕೆಂಪು ಪೊಟ್ಟಣದಿಂದಲೇ ಹೊಸದೊಂದನ್ನು ತೆಗೆದು ಹಾಕಿದ. ಎರಡೆಳೆತಕ್ಕೇ ಗದ್ದದಲ್ಲಿ ರಕ್ತ ಒಸರಿತು. ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ ನಿಂತ. ತನ್ನ ಚರ್ಮವನ್ನೇ ನಂಬುವಂತಿಲ್ಲವಲ್ಲ ಎಂದು ಬೇಸರಕ್ಕಿಂತ ಹೆಚ್ಚಾಗಿ ಭಯವಾಯಿತು.

ಬಚ್ಚಲ ಬಾಗಿಲಲ್ಲಿ ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು. ಒಂದು ಮಣೆ ಎಳೆದುಕೊಂಡು ಕುಳಿತು, ಮುಂದುವರಿಸಿ ಎಂದರು. ಅವನು ಮುಂದುವರಿಸಿದ. ಅವರು ಅವನ ಮುಖ ನೋಡದೆ ಕೈಯನ್ನು ನೋಡುತ್ತಿದ್ದರು.

"ಒತ್ತುತ್ತಾ ಇದೀರಿ," ಎಂದರು. "ರೇಜರಿಗೇ ತೂಕ ಇದೆ, ನಿಮ್ಮದೂ ಯಾಕೆ ಸೇರಿಸ್ತೀರಿ? ನಿನ್ನೆ ನೋಡ್ದೆ, ನನ್ನ ಬ್ಲೇಡು ಅಂತ ಹೆದರಿ, ಮೊಟ್ಟೆ ಹಿಡಿದ ಹಾಗೆ ಹಿಡ್ಕೊಂಡಿದ್ರಲ್ಲ, ಹಾಗೆ ಹಿಡೀರಿ."

ಹಿಡಿಯಲು ಪ್ರಯತ್ನಿಸಿದ. ಎಡಗೆನ್ನೆ ಸಲೀಸಾಗಿ ಆಯಿತು. ತುಟಿಯ ಕೆಳಗೆ ಬಂದಾಗ ಕೈ ತಾನಾಗಿ ಬಿಗಿಯಾಯಿತು, ಮತ್ತೆ ಕಚ್ಚಿತು. ಮಾವ ಮಣೆಯಿಂದೆದ್ದು ಬಂದು ಅವನ ಮೊಣಕೈಯನ್ನು ಬೆರಳಿನಿಂದ ಎತ್ತಿ ಹಿಡಿದರು. ಹಾಗೆ ಹಿಡಿದುಕೊಂಡೇ, ದನಿ ತಗ್ಗಿಸಿ, ನಿನ್ನೆಯದು ಯಾವ ಬ್ಲೇಡೆಂದು ಮಗಳು ಹೇಳಿದಳಾ ಎಂದು ಕೇಳಿದರು.

ಹೌದೆಂದರೆ ಹೆಂಡತಿಯ ಗುಟ್ಟು ಹೊರಬೀಳುತ್ತದೆ, ಇಲ್ಲವೆಂದರೆ ಮಾವನಿಗೆ ಸುಳ್ಳು ಹೇಳಿದಂತಾಗುತ್ತದೆ. ಮುಖದ ನೊರೆ ಒಣಗುತ್ತಿತ್ತು.

"ಮೊದಲನೇ ದಿನವೇ ತಿಳೀತು ನಂಗೆ," ಎಂದರು ಮಾವ. "ಕಂಪನಿಯವರು ಯಾವತ್ತೂ ಕಾಗದನ ಅಷ್ಟು ನೀಟಾಗಿ ಮಡಚ್ತಿರ್ಲಿಲ್ಲ. ಅದು ಅವಳ ಕೈ. ಕೂತ್ಕೊಂಡು ಒಂದೊಂದೇ ಸುತ್ತಿದಾಳೆ ಪಾಪ. ನಂಗೆ ಗೊತ್ತು ಅಂತ ಅವಳಿಗೆ ಹೇಳಬೇಡಿ."

ಅವನು ತಲೆಯಾಡಿಸಿದ. ಮುಖ ತೊಳೆದು ಹೊರಬರುವಾಗ, ಯಾರ ಗುಟ್ಟನ್ನು ಯಾರಿಂದ ಮುಚ್ಚಿಡಬೇಕೆಂದು ಬೆರಳು ಮಡಚಿ ನೆನಪಿಟ್ಟುಕೊಳ್ಳಬೇಕಾಯಿತು. ಗದ್ದದ ಮೇಲೆ ಎರಡು ಚೂರು ಕಾಗದ ಅಂಟಿಸಿಕೊಂಡಿದ್ದ. ಆದರೆ ಕುತ್ತಿಗೆ ಎರಡನೇ ದಿನವೂ ಉರಿದಿರಲಿಲ್ಲ. ಅದು ಬ್ಲೇಡಿನಿಂದಲೋ ಕೈಯಿಂದಲೋ ಈಗಲೂ ಅವನು ಆಣೆ ಮಾಡಿ ಹೇಳಲಾರ.

ಹೆಂಡತಿ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಬಚ್ಚಲಲ್ಲಿ ಅಷ್ಟು ಹೊತ್ತು ಅಪ್ಪ ಏನು ಹೇಳಿದರು ಎಂದು ಅನುಮಾನದಿಂದ ಕೇಳಿದಳು.

"ಒತ್ತಬೇಡಿ ಅಂದ್ರು," ಎಂದ.