ಎಡಗಡೆಯ ಖಾನೆ

"ಏನ್ರೀ ಇದು? ಥೂ!"

ಮಧ್ಯಾಹ್ನದ ಗದ್ದಲದಲ್ಲೂ ಊಟದ ಮನೆಯಲ್ಲಿದ್ದವರೆಲ್ಲ ತಲೆಯೆತ್ತಿದರು. ಲಾರಿ ಚಾಲಕನೊಬ್ಬ ಸ್ಟೀಲ್ ತಟ್ಟೆಯನ್ನು ದೂರ ತಳ್ಳಿ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಖಾನೆಗಳಿರುವ ತಟ್ಟೆ ಅದು. ಆಗಷ್ಟೇ ಬಡಿಸಿದ ಸಾರಿನಡಿಯಿಂದ ನಿನ್ನೆಯ ಜಿಡ್ಡು ಬಿಟ್ಟುಕೊಂಡು ಮೇಲೆ ತೇಲುತ್ತಿತ್ತು. ಅದರ ನಡುವೆ ಯಾರೋ ಜಗಿದು ಉಗಿದ ನಾರು.

ಮಾಲೀಕ ಕೈಮುಗಿದು ಬೇರೆ ತಟ್ಟೆ ತಂದ. "ಬೇಡ ಬಿಡಿ, ಹಸಿವೇ ಸತ್ತೋಯ್ತು" ಎಂದು ಚಾಲಕ ಕೈತೊಳೆಯಲು ಒಳಗೆ ಬಂದ. ತೊಟ್ಟಿಯ ಬಳಿ ಮಾಲೀಕನ ಹೆಂಡತಿ ಕಟ್ಟೆಗೆ ಸೊಂಟ ಆನಿಸಿ, ಬೀಳದ ಹಾಗೆ ನಿಂತು ತಟ್ಟೆ ಉಜ್ಜುತ್ತಿದ್ದಳು. ಅವಳ ಮುಖ ನೋಡಿ ಚಾಲಕನ ದನಿ ತಗ್ಗಿತು. "ಹುಷಾರಿಲ್ವೇನೋ. ಸ್ವಲ್ಪ ಕೂರಿಸಿ ಅವರನ್ನ" ಎಂದು ಹೊರಟುಹೋದ.

ಯಾರೂ ಕೂರಿಸಲಿಲ್ಲ.

"ಕಣ್ಣು ಎಲ್ಲಿಟ್ಟಿರ್ತೀಯ?" ಗಂಡ ಆ ತಟ್ಟೆಯನ್ನು ತೊಟ್ಟಿಗೆ ಎಸೆದ.

"ತೊಳೆದೆನಲ್ರೀ. ನನಗೆ ಚೊಕ್ಕಟವಾಗೇ ಕಾಣ್ತು."

"ಚೊಕ್ಕಟವಂತೆ! ನಾಯಿ ನೆಕ್ಕಿದ್ರೂ ಇದಕ್ಕಿಂತ ವಾಸಿ" ಎಂದರು ತರಕಾರಿ ಹೆಚ್ಚುತ್ತಿದ್ದ ಅತ್ತೆ. "ಮೈಗಳ್ಳತನಕ್ಕೆ ಸುಸ್ತು ಅಂತ ಹೆಸರು ಬೇರೆ."

ಅತ್ತೆಯವರಿಗೆ ಮೊದಲಿನಿಂದಲೂ ಅಸಹ್ಯ ಹೆಚ್ಚು. ಗಂಡ ಬದುಕಿದ್ದಾಗ ಆತ ಕಚ್ಚಿದ ಹಣ್ಣನ್ನೂ ಮುಟ್ಟಿದವರಲ್ಲ. ಈಗ ತಮ್ಮ ತಟ್ಟೆ, ಲೋಟವನ್ನು ತಾವೇ ತೊಳೆದು, ಸೊಸೆಯ ಕೈ ಸೋಕದಂತೆ ಕಿಟಕಿಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ಸೊಸೆ ಸುಮ್ಮನೆ ಕೂತಿರಲಿಲ್ಲ. ಕಣ್ಣಿನ ಡಾಕ್ಟರು ಕನ್ನಡಕ ಬದಲಿಸಿದ್ದರು. ಇನ್ನೊಬ್ಬರು ಕೊಟ್ಟ ರಕ್ತದ ಮಾತ್ರೆಯಿಂದ ಬಾಯೆಲ್ಲ ತುಕ್ಕಿನ ರುಚಿ. ಮತ್ತೊಬ್ಬರು ತಲೆಯೆತ್ತದೆಯೇ "ಮನಸ್ಸಿಗೆ ಬೇಜಾರಿರಬೇಕು, ನಗ್ತಾ ಇರಿ" ಎಂದಿದ್ದರು. ಹೊರಗೆ ಬಂದವಳು ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡಿದ್ದಳು. ಕಣ್ಣ ಮುಂದೆ ಒಂದು ಕಡೆ ಕತ್ತಲಿದ್ದಿದ್ದರೆ ಅವಳಿಗೆ ತಿಳಿಯುತ್ತಿತ್ತು. ಅಲ್ಲಿ ಕತ್ತಲೂ ಇರಲಿಲ್ಲ, ಏನೂ ಇರಲಿಲ್ಲ. ಇಲ್ಲದ್ದನ್ನು ಹೇಗೆ ಹೇಳುವುದು? ಕೊನೆಗೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗತೊಡಗಿತು. ಊಟಕ್ಕೆ ಕೈ ಎತ್ತಿದರೆ ಊರವರ ಎಂಜಲಿನ ವಾಸನೆ.

ಚಾಲಕ ಎದ್ದುಹೋದ ದಿನದಿಂದ, ಸೊಸೆ ತೊಳೆದಿಟ್ಟಿದ್ದನ್ನು ಅತ್ತೆ ಮೂಗು ಮುರಿಯುತ್ತಲೇ ಮತ್ತೆ ತೊಳೆಯತೊಡಗಿದರು. ಅಗಲವಾದ ಅನ್ನದ ಖಾನೆಯನ್ನು ಮೈಕಡೆ ಮಾಡಿ ತಟ್ಟೆ ಹಿಡಿಯುವುದು ಇಬ್ಬರ ರೂಢಿ. ಕೆಲವೇ ದಿನಗಳಲ್ಲಿ ಅತ್ತೆಯ ಹೆಬ್ಬೆರಳು ತಾನಾಗಿಯೇ ಒಂದೇ ಜಾಗಕ್ಕೆ ಹೋಗತೊಡಗಿತು. ಕೊಳೆ ಇದ್ದರೆ ಅದು ಎಡಗಡೆಯ ಖಾನೆಯಲ್ಲೇ. ಬಲಗಡೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೈಗಳ್ಳಿಯಾದರೆ ಎಲ್ಲ ಕಡೆಯೂ ಕೊಳೆ ಬಿಡಬೇಕಲ್ಲ?

ಒಂದು ಮಧ್ಯಾಹ್ನ ಸೊಸೆ ಊಟ ಮುಗಿಸಿ ಏಳಹೊರಟಳು.

"ಪಲ್ಯ ಯಾಕೆ ಬಿಟ್ಟೆ?"

"ಇವತ್ತು ನೀವು ಹಾಕಲೇ ಇಲ್ವಲ್ಲ ಅತ್ತೆ."

ಅತ್ತೆ ತಟ್ಟೆಯನ್ನು ಹಿಂದುಮುಂದಾಗಿ ತಿರುಗಿಸಿದರು. ಎಡಗಡೆಯ ಖಾನೆ ಬಲಕ್ಕೆ ಬಂತು.

"ಅಯ್ಯೋ, ಇದನ್ನ ಯಾವಾಗ ಬಡಿಸಿದ್ರಿ?"

"ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ" ಎಂದರು ಅತ್ತೆ, ಯಾರಿಗೋ ಎಂಬಂತೆ.

ಮರುದಿನ ಬೆಳಿಗ್ಗೆ ಮಗನನ್ನು ತೊಟ್ಟಿಯ ಮುಂದೆ ನಿಲ್ಲಿಸಿ, ಸೊಸೆಯ ಕೈಹಿಡಿದು ಕಣ್ಣಿನ ಡಾಕ್ಟರ ಬಳಿ ನಡೆದರು.

"ಕನ್ನಡಕ ಬದಲಿಸಿದ್ದಾಯ್ತಲ್ಲಮ್ಮ, ಕಣ್ಣು ಸರಿಯಿದೆ. ಅಕ್ಷರಗಳನ್ನೂ ಓದಿದ್ರು. ಹೊರಗೆ ಎಷ್ಟು ಜನ ಕಾಯ್ತಿದಾರೆ ನೋಡಿ."

ಅತ್ತೆ ಚೀಲದಿಂದ ಖಾನೆಯ ತಟ್ಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹಳಸಿದ ನಾತ ಕೋಣೆ ತುಂಬಿತು. ಡಾಕ್ಟರು ಮೂಗು ಮುಚ್ಚಿಕೊಂಡರು. "ಛೀ, ಏನಿದು ಹೊಲಸು!"

"ಹೊಲಸೇ ಡಾಕ್ಟ್ರೇ. ಆದ್ರೆ ಅದು ಎಲ್ಲಿದೆ ನೋಡಿ. ಇವಳು ನಿನ್ನೆ ತೊಳೆದಿಟ್ಟ ತಟ್ಟೆ. ದಿನಾ ಈ ಕಡೆ ಒಂದೇ ಹೀಗಿರತ್ತೆ. ತಿನ್ನೋವಾಗಲೂ ಈ ಕಡೇದು ಕಾಣಲ್ಲ. ಕಣ್ಣು ಸರಿಯಿದ್ರೆ ಇದ್ಯಾಕೆ ಹೀಗೆ?"

ಡಾಕ್ಟರು ಮೂಗಿನಿಂದ ಕೈ ತೆಗೆದರು. ಕುರ್ಚಿಯನ್ನು ಸೊಸೆಯ ಎದುರಿಗೆ ಎಳೆದುಕೊಂಡು, ತಮ್ಮ ಮೂಗನ್ನೇ ನೋಡುತ್ತಿರಲು ಹೇಳಿ, ಎರಡೂ ಕೈಗಳನ್ನು ಚಾಚಿದರು. ಅವಳ ಬಲಗಡೆ ಬೆರಳು ಅಲುಗಿದಾಗ ಅವಳು "ಹೂಂ" ಎಂದಳು. ಎಡಗಡೆ ಅಲುಗಿಸಿದರು. ಮತ್ತೆ ಅಲುಗಿಸಿದರು.

"ಮುಗೀತಾ ಡಾಕ್ಟ್ರೇ?" ಎಂದು ಅವಳು ಕೇಳಿದಳು.

ಡಾಕ್ಟರು ಕೈ ಇಳಿಸಿದರು. "ತೊಂದರೆ ಕಣ್ಣಲ್ಲಿ ಅಲ್ಲ, ಅದರ ಹಿಂದೆ ತಲೆಯೊಳಗೆ ಎಲ್ಲೋ ಇರಬೇಕು. ಏನು ಅಂತ ಈಗಲೇ ಹೇಳಲಾರೆ. ಇವತ್ತೇ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಆಗಬೇಕು." ಆಮೇಲೆ ಮೆಲ್ಲಗೆ, "ಇದನ್ನ ನಾನು ಅವತ್ತೇ ನೋಡಬೇಕಿತ್ತು" ಎಂದರು. ತಟ್ಟೆಯನ್ನು ತಾವೇ ಒರೆಸಿ ಚೀಲಕ್ಕೆ ಹಾಕಿಕೊಟ್ಟರು.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಸಿ, ವರದಿಗೆ ಕಾಯುತ್ತ ಇಬ್ಬರೂ ಕ್ಯಾಂಟೀನಿನಲ್ಲಿ ಕೂತರು. ಅತ್ತೆ ಸೊಸೆಗೊಂದು ಊಟ ತಂದು, ಅವಳು ತಿನ್ನುತ್ತಿದ್ದಂತೆ ತಟ್ಟೆಯನ್ನು ಆಗಾಗ ತಿರುಗಿಸುತ್ತಿದ್ದರು. ಅರ್ಧದಲ್ಲೇ ಸೊಸೆ ಚಮಚ ಕೆಳಗಿಟ್ಟಳು.

"ಏನಾಗಿರಬಹುದು ಅತ್ತೆ?"

"ಗೊತ್ತಿಲ್ಲ ಕಣೇ. ಹೇಳೋವರೆಗೂ ಇಲ್ಲಿಂದ ಏಳೋದು ಬೇಡ."

ಅತ್ತೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಅದೇ ಚಮಚದಿಂದ, ಅವಳು ಕಲಸಿ ಬಿಟ್ಟಿದ್ದ ಅನ್ನವನ್ನು ತುಂಬಿ ಬಾಯಿಗಿಟ್ಟರು.

"ಅತ್ತೆ, ಎಂಜಲು!" ಸೊಸೆ ಗಾಬರಿಯಾದಳು.

"ಸುಮ್ನಿರೇ, ತಣ್ಣಗಾಗ್ತಿದೆ" ಎಂದರು ಅತ್ತೆ, ತುಂಬಿದ ಬಾಯಲ್ಲೇ.