ಲಿಫ್ಟಿನ ಬಾಗಿಲಿಗೆ ನಿಂಬೆಹಣ್ಣು

ನನ್ನ ಅಪ್ಪ ಧರ್ಮಣ್ಣ ಪುಣೆಯಲ್ಲಿ ಇಪ್ಪತ್ತೈದು ವರ್ಷ ಎತ್ತರದ ಕಟ್ಟಡಗಳಿಗೆ ಬಿದಿರಿನ ಸಾರುವೆ ಕಟ್ಟಿದವನು. ಇಪ್ಪತ್ತನೇ ಮಹಡಿಯ ಹೊರಗೆ ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದ ಈ ಶೂರನಿಗೆ ಲಿಫ್ಟ್ ಕಂಡರೆ ಜೀವ ಬಾಯಿಗೆ ಬರುತ್ತದೆ. ಬಾಗಿಲು ಮುಚ್ಚಿದ ಕೂಡಲೇ ಎದೆ ಡವಡವ, ಅಂಗೈ ಒದ್ದೆ, ಗಂಟಲು ಒಣ, "ಉಸುರು ನಿಂತದವ್ವಾ" ಎಂಬ ಕೂಗು. ಇಷ್ಟು ದಿನ ಮೆಟ್ಟಿಲು ಹತ್ತಿ ಮಾನ ಉಳಿಸಿಕೊಂಡಿದ್ದ. ಈ ವರ್ಷ ಮೊಣಕಾಲಿನ ಆಪರೇಷನ್ ಆಗಿ ಮೆಟ್ಟಿಲೂ ಬಂದ್ ಆಯಿತು. ಆಗಲೇ ನನಗೆ ಗಂಡು ಗೊತ್ತಾಗಬೇಕೇ, ಅದೂ ನಿಗಡಿಯ ಹನ್ನೆರಡನೇ ಮಹಡಿಯಲ್ಲಿ!

ನಮ್ಮಲ್ಲಿ ನಿಶ್ಚಯವೆಂದರೆ ಹೆಣ್ಣಿನ ತಂದೆ ಗಂಡಿನ ಮನೆಗೇ ಹೋಗಿ ಅವನ ತಂದೆಯ ಕೈಗೆ ಎಲೆ ಅಡಿಕೆ ಕೊಡಬೇಕು. ಮುಹೂರ್ತ ಮೀರಿದರೆ ಮಾತು ಮುರಿದಂತೆ. ಬೀಗರಾಗಬೇಕಾದ ಅಂಬಾದಾಸ ಕಾಕಾ ಭೋಸರಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಮೂಗಿನ ತುದಿಯಲ್ಲೇ ಸಿಟ್ಟು. ಹನ್ನೆರಡು ಮಹಡಿ ಮೆಟ್ಟಿಲಲ್ಲೇ ಓಡಾಡುವುದು ತನ್ನ ಕಸರತ್ತು ಎಂದು ಮೀಸೆ ತಿರುವುವ ಮನುಷ್ಯ. ನನಗೋ ಅವರ ಮಗ ಬಾಬು ಮನಸ್ಸಿಗೆ ಬಂದುಬಿಟ್ಟಿದ್ದ. ಅಪ್ಪನನ್ನು ಎಳೆದುಕೊಂಡು, ಪುಣೆಯಲ್ಲೇ ಇರುವ ಬೆಂಗಳೂರಿನ ಕಡೆಯ ಕೌನ್ಸೆಲರ್ ಲೀಲಾಕ್ಷಿ ಮೇಡಂ ಬಳಿ ಹೋದೆ.

"ಇದು ಹುಚ್ಚಲ್ಲ, ಫೋಬಿಯಾ. ತುಂಬಾ ಜನಕ್ಕೆ ಇರುತ್ತೆ," ಎಂದರು ಮೇಡಂ. "ಮೊದಲು ಲಿಫ್ಟ್ ಮುಂದೆ ಸುಮ್ನೆ ನಿಂತ್ಕೊಳ್ಳಿ. ಆಮೇಲೆ ಬಾಗಿಲು ತೆಗೆದಿಟ್ಟು ಒಳಗೆ. ಆಮೇಲೆ ಒಂದೇ ಮಹಡಿ. ಹೆದರಿಕೆ ಬಂದ್ರೆ ಉಸಿರು ಎಣಿಸಿ. ಅದು ಕಮ್ಮಿ ಆಗೋವರೆಗೂ ಹೊರಗೆ ಬರಬೇಡಿ."

ಆರು ವಾರ ಅಪ್ಪ ಚಾಚೂ ತಪ್ಪದೆ ಪಾಲಿಸಿದ. ಮೇಡಂ ಕಟ್ಟಡದ ಐದನೇ ಮಹಡಿಯವರೆಗೂ ಹೋಗಿಬಂದ.

ನಿಶ್ಚಯದ ದಿನ ಅವ್ವ, ನೆಂಟರು ಮೇಲೆ ಹೋದರು. ನಾನು ಅಪ್ಪನ ಜೊತೆ ಕೆಳಗೇ ಉಳಿದೆ. ಅಪ್ಪ ಎಲೆ ಅಡಿಕೆ ಹಿಡಿದು ಲಿಫ್ಟ್ ಹೊಕ್ಕವನೇ, ಜೇಬಿನಿಂದ ನಿಂಬೆಹಣ್ಣು ತೆಗೆದು ಬಾಗಿಲು ಸರಿಯುವ ಸಂದಿಗೆ ಇಟ್ಟ.

"ಇದೇನಪ್ಪಾ?"

"ಹೊಸ ಗಾಡಿ ಗಾಲಿಗಿ ಇಡಂಗಿಲ್ಲೇನು? ಇದೂ ಗಾಡಿನೇ. ಹನ್ನೆರಡು ಮಾಳಿಗಿ ಅದ, ಚ್ಯಾಷ್ಟಿ ಅಲ್ಲ."

ಬಾಗಿಲು ಬಂತು, ನಿಂಬೆಗೆ ಬಡಿಯಿತು, ಹಿಂದೆ ಸರಿಯಿತು. ಹತ್ತು ಸಲ ಹೀಗೇ. ನಿಂಬೆ ಅರ್ಧ ನುಜ್ಜಾಗಿ ಸಂದಿಯಲ್ಲಿ ಕಚ್ಚಿಕೊಂಡಿತು. ಮುಹೂರ್ತ ಹನ್ನೊಂದೂವರೆಗೆ ಮುಗಿಯುತ್ತಿತ್ತು, ಉಳಿದದ್ದು ಹತ್ತೇ ನಿಮಿಷ. ನಾನು ಬಾಗಿಲ ಹೊರಗೆ ಕೂತು ಕೂದಲ ಪಿನ್ನಿನಿಂದ ನಿಂಬೆ ಕೆದರತೊಡಗಿದೆ.

ಅಷ್ಟರಲ್ಲಿ ಅಂಬಾದಾಸ ಕಾಕಾ ಮೆಟ್ಟಿಲಿಳಿದು ಬಂದರು. "ಎಲಿ ಅಡಿಕಿ ಕೊಡೋದದನೋ ಇಲ್ಲೋ ಧರ್ಮಣ್ಣಾ?" ಎಂದು ಗುಡುಗಿ, ಅಪ್ಪನ ರಟ್ಟೆ ಹಿಡಿಯಲು ಒಳಗೆ ನುಗ್ಗಿದರು. ಅದೇ ಗಳಿಗೆಗೆ ನಿಂಬೆ ಪಟ್ಟನೆ ಹೊರಬಿತ್ತು. ಬಾಗಿಲು ಮುಚ್ಚಿತು.

"ಅಯ್ಯಯ್ಯೋ, ಬಾಗಲಾ ತಗೀರಿ!"

ಅದು ಅಪ್ಪನ ದನಿಯಲ್ಲ. ಕಾಕಾನ ಕಸರತ್ತಿನ ಗುಟ್ಟು ಆಗ ಬಯಲಾಯಿತು.

ರೇಷ್ಮೆ ಸೀರೆ ಎತ್ತಿಕೊಂಡು ಮೆಟ್ಟಿಲಲ್ಲಿ ಓಡಿದೆ. ಲಿಫ್ಟ್ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೊರಟಿತು. ಆರನೇ ಮಹಡಿಯಲ್ಲಿ ನಾನು ಏದುಸಿರು ಬಿಡುವಾಗ ಲಿಫ್ಟಿನ ಒಳಗಿನಿಂದ ಅಪ್ಪನ ದನಿ ಕೇಳುತ್ತಿತ್ತು. "ಎಣಸ್ರಿ ಬೀಗರೇ, ಒಂದು, ಎರಡು... ಹೆದರಿಕಿ ಕಡಿಮಿ ಆಗೋತನ ಹೊರಗ ಬರಬಾರದಂತ ಮೇಡಮ್ಮ ಹೇಳ್ಯಾರ!"

ನಾನು ಹನ್ನೆರಡನೇ ಮಹಡಿ ಮುಟ್ಟಿದಾಗ ಗಡಿಯಾರ ಹನ್ನೊಂದು ಮೂವತ್ತೈದು ತೋರಿಸುತ್ತಿತ್ತು. ಎಲ್ಲ ಮುಗಿಯಿತೆಂದು ಮೆಟ್ಟಿಲ ಮೇಲೆ ಕುಸಿದು ಅತ್ತುಬಿಟ್ಟೆ. ಆಗ ಲಿಫ್ಟ್ ತೆರೆಯಿತು. ಕೈ ಕೈ ಹಿಡಿದ ಇಬ್ಬರು. ಕಾಕಾನ ಪೇಟ ಕೊರಳಿಗೆ ಜಾರಿತ್ತು, ಮುಷ್ಟಿಯಲ್ಲಿ ಮುದುಡಿದ ವೀಳ್ಯದೆಲೆ.

"ಎಲಿ ಅಡಿಕಿ ಕೊಟ್ಟಾಯ್ತು," ಎಂದ ಅಪ್ಪ. "ಹನ್ನೊಂದೂ ಇಪ್ಪತ್ತೆಂಟಕ್ಕ, ಏಳನೇ ಮಾಳಿಗ್ಯಾಗ. ಬೀಗರು ಒಂದು ಕೈ ಬಿಡಲೊಲ್ಲರು, ಇನ್ನೊಂದು ಕೈಯಾಗ ಇಟ್ಟೆ."

ಕಾಕಾ ಹೌದೆಂದು ತಲೆಯಾಡಿಸಿ, ಮೇಡಂ ನಂಬರ್ ಕೇಳಿದರು.

"ಹುಡುಗಿ ಇಲ್ಲದ ಎಂಥಾ ನಿಶ್ಚಯ?" ಅವ್ವ ಸಿಡುಕಿದಳು. "ಆಗ ಇಕಿ ಎಲ್ಲಿದ್ದಳು?"

ನಾನು ಮೂಗು ಒರೆಸಿಕೊಂಡು ಎದ್ದೆ.

"ಆರನೇ ಮಾಳಿಗ್ಯಾಗ, ಭಾಳ ಹತ್ರನೇ ಇದ್ದೆನಲ್ಲವ್ವ!"