ಬೆನ್ನು ತಿರುಗಿಸಿದ ಹೊನ್ನಕ್ಕಿಗಳು

ಉದ್ಯಾನದ ಹೊಸ ಫಲಕದಲ್ಲಿ ಒಂದೇ ಹಕ್ಕಿ ಮೂರು ಹೆಸರು ಹೊತ್ತುಕೊಂಡು ಕೂತಿತ್ತು. ಕೆಳಗಿನ ಮೂಲೆಯಲ್ಲಿ ‘ಚಿತ್ರಗಳು’ ಎಂದು ಬರೆದು ಅದರ ಮುಂದೆ ನನ್ನ ಮಗಳ ಹೆಸರು.

ಗುಬ್ಬಿ (ಮನೆಯಲ್ಲಿ ನಾವು ಅವಳನ್ನು ಕರೆಯುವುದೇ ಹಾಗೆ) ಫೋನಿಗೆ ಬಂದ ಆ ಫಲಕದ ಫೋಟೊ ತೋರಿಸಿದಾಗ ನಾನು ಕುಕ್ಕರು ತೊಳೆಯುತ್ತಿದ್ದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. “ಅಮ್ಮಾ, ಇದನ್ನ ನಾನು ಬರೆದಿಲ್ಲ” ಅಂದಳು, ಅಷ್ಟೇ. ಆ ‘ಅಷ್ಟೇ’ಗೆ ನಾನು ನಲ್ಲಿ ನಿಲ್ಲಿಸಿದೆ.

ಅವಳು ಬರೆದದ್ದೇನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಬೆಳಿಗ್ಗೆ ನಾನು ತಲೆಗೆ ಸ್ನಾನ ಮಾಡಿ, ಹಳದಿ ಟವೆಲ್ಲು ಸುತ್ತಿಕೊಂಡು ಹಾಲು ಕಾಯಿಸುತ್ತಿದ್ದೆ. “ಅಲ್ಲಾಡಬೇಡ, ನೀನೀಗ ಹೊನ್ನಕ್ಕಿ” ಎನ್ನುತ್ತ ಓಡಿಬಂದವಳ ಕೈಯಲ್ಲಿ ಯಾವುದೋ ಉಡುಗೊರೆ ಡಬ್ಬಿಗೆ ಕಟ್ಟಿದ್ದ ಕಪ್ಪು ರಿಬ್ಬನ್. ಕಣ್ಣಿನ ಅಂಚಿನಿಂದ ಕಿವಿ ದಾಟುವವರೆಗೆ ಎರಡೂ ಕಡೆ ಒಂದೊಂದು ತುಂಡನ್ನು ಪಿನ್ನಿನಿಂದ ಚುಚ್ಚಿದಳು.

“ಇದು ಯಾವಾಗ್ಲೂ ಇಲ್ಲೇ ಇರೋ ಹೊನ್ನಕ್ಕಿ. ಕಣ್ಣಿನ ಕಪ್ಪು ಹಿಂದೆ ಬಂದು ಕೂಡೋದಿಲ್ಲ.” ಆಮೇಲೆ ಅಗಲದ ರಿಬ್ಬನ್ನನ್ನು ಎರಡೂ ಕಣ್ಣಿನಿಂದ ಒಯ್ದು ಹಿಂದಲೆಯ ಮೇಲೆ ಕೂಡಿಸಿದಳು. “ಇದು ಚಳಿಗೆ ಬರೋ ಕರಿಪಟ್ಟಿ ಹೊನ್ನಕ್ಕಿ.” ಕೊನೆಗೆ ಇನ್ನೊಂದು ತುಂಡನ್ನು ಉದ್ದಕ್ಕೆ ಸೀಳಿ ಸುತ್ತಿದಳು. “ಇದು ತೆಳುಕೊಕ್ಕಿನದು. ಪಟ್ಟಿ ಕೂಡತ್ತೆ, ಆದ್ರೆ ಸಪೂರ. ಕೊಕ್ಕೂ ಸಪೂರ.”

“ಕೊಕ್ಕಿಗೆ ಏನು ಮಾಡ್ತೀಯೇ?”

“ನಿನ್ನ ಮೂಗೇ ಸಾಕು.”

ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು.

ಎದುರಿನಿಂದ ನೋಡಿದರೆ ಮೂರೂ ಒಂದೇ. ಅದೇ ಹಳದಿ ಮುಖ, ಅದೇ ಕಪ್ಪು ಕಣ್ಪಟ್ಟಿ; ಕೊಕ್ಕು ದಪ್ಪವೋ ತೆಳುವೋ ಎಂದೂ ಗೊತ್ತಾಗದು. ಅದಕ್ಕೇ ಅವಳು ಮೂರನ್ನೂ ಬೆನ್ನು ತಿರುಗಿಸಿ, ಮುಖವನ್ನು ಚೂರು ಓರೆ ಮಾಡಿ ಬರೆದಿದ್ದಳು. ಈ ಫಲಕಕ್ಕೆಂದೇ ಚಳಿಗಾಲವೆಲ್ಲ ಮರಗಳ ಕೆಳಗೆ ಕತ್ತು ನೋಯಿಸಿಕೊಂಡು ಬರೆದ ಚಿತ್ರಗಳವು.

ಇದನ್ನೆಲ್ಲ ಅವಳಿಗೆ ಕಲಿಸಿದವರು ಆ ಫಲಕ ನಿಲ್ಲಿಸಿದ ಪಕ್ಷಿ ಬಳಗದ ಅಧ್ಯಕ್ಷರು, ಅಂದರೆ ನನ್ನ ಗಂಡನ ಅಣ್ಣ. ನನ್ನ ಸಿಟ್ಟಿನ ಬೇರು ಇರುವುದು ಅಲ್ಲೇ. ಪುಟ್ಟ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, “ಮುಖ ನೋಡಿ ಹೆಸರು ಹೇಳ್ಬೇಡ ಕಣೇ, ಅದು ತಿರುಗೋವರೆಗೂ ಕಾಯಿ” ಎಂದವರು ಅವರೇ.

“ಇದನ್ನ ನೋಡಿ ಯಾರೋ ಕಲೀತಾರಮ್ಮ” ಅಂದಳು ಗುಬ್ಬಿ. “ತಪ್ಪು ಕಲಿಸಿದವಳು ನಾನು ಅಂತಾಗತ್ತೆ.”

ಕೈ ಒರೆಸಿಕೊಂಡೆ. ಹಗ್ಗದ ಮೇಲೆ ಒಣಗುತ್ತಿದ್ದ ಹಳದಿ ಟವೆಲ್ಲು, ಡ್ರಾಯರಿನಲ್ಲಿದ್ದ ಅಗಲದ ರಿಬ್ಬನ್, ನಾಲ್ಕು ಪಿನ್ನು ಚೀಲಕ್ಕೆ ತುರುಕಿದೆ. “ನಡಿ.”

ಬಳಗದ ಕೋಣೆ ಉದ್ಯಾನದ ಗೇಟಿನ ಪಕ್ಕದಲ್ಲೇ ಇದೆ. ಭಾವ ದುರ್ಬೀನಿನ ಸ್ಟ್ಯಾಂಡಿನ ಮುರಿದ ಕಾಲಿಗೆ ಕಪ್ಪು ಟೇಪು ಸುತ್ತುತ್ತಿದ್ದರು. ಬಳಗದ ಕಾರ್ಯದರ್ಶಿ ಮರುದಿನದ ಉದ್ಘಾಟನೆಗೆ ಕುರ್ಚಿ ಒರೆಸುತ್ತಿದ್ದರು. ಗುಬ್ಬಿ ಬಾಗಿಲಲ್ಲೇ ನಿಂತಳು.

“ಬಾಮ್ಮ, ಬಾ! ನಮ್ಮ ಗುಬ್ಬಿ ಹೆಸರು ನೋಡಿದ್ಯಾ, ಎಷ್ಟು ದಪ್ಪಗೆ ಬಂದಿದೆ!”

“ಹೆಸರು ಬಂದಿದೆ ಭಾವ. ಅವಳ ಹಕ್ಕಿಗಳೆಲ್ಲಿ?”

ಭಾವ ಟೇಪಿನ ತುದಿ ಹುಡುಕತೊಡಗಿದರು. ಉತ್ತರ ಕೊಟ್ಟವರು ಕಾರ್ಯದರ್ಶಿ. “ನೋಡಿಮ್ಮ, ನಾಳೆ ದೊಡ್ಡವರು ಬರ್ತಾರೆ. ಮೂರು ಹಕ್ಕಿನೂ ಅವರಿಗೆ ಬೆನ್ನು ತೋರಿಸ್ಕೊಂಡು ಕೂತಿದ್ರೆ ಏನು ಚೆನ್ನ? ಮುನಿಸ್ಕೊಂಡ ಹಾಗೆ ಕಾಣತ್ತೆ. ಅದಕ್ಕೇ ಪ್ರಿಂಟಿಂಗ್‌ನವನಿಗೆ ಹೇಳಿ ಈ ಕಡೆ ತಿರುಗಿಸಿದ್ವಿ.”

“ತಿರುಗಿಸೋಕೆ ಅದೇನು ನೀವು ಒರೆಸ್ತಿರೋ ಕುರ್ಚಿನಾ?”

ಪ್ರಿಂಟಿಂಗ್‌ನವನು ಎಲ್ಲಿಂದಲೋ ಎದುರುಮುಖದ ಒಂದು ಹೊನ್ನಕ್ಕಿ ತಂದು ಮೂರು ಸಲ ಅಂಟಿಸಿದ್ದನಂತೆ. ಸುಲಭವಾಯಿತಂತೆ.

ನಾನು ಚೀಲದಿಂದ ಟವೆಲ್ಲು ತೆಗೆದು ತಲೆಗೆ ಬಿಗಿದೆ. ಅದಿನ್ನೂ ಪೂರ್ತಿ ಒಣಗಿರಲಿಲ್ಲ; ಕತ್ತಿನೊಳಗೆ ನೀರಿಳಿಯಿತು.

“ಏನಮ್ಮ, ತಲೆನೋವಾ?” ಅಂದರು ಕಾರ್ಯದರ್ಶಿ.

“ಇಲ್ಲಿಗೆ ಬಂದ ಮೇಲೆ ಶುರುವಾಯ್ತು.” ರಿಬ್ಬನ್ನನ್ನು ಹಿಂದಲೆಯ ಮೇಲಿಂದ ತಂದು ಎರಡು ತುದಿಗಳನ್ನು ಕಣ್ಣಿನ ಪಕ್ಕ ಪಿನ್ನು ಮಾಡಿ ಅವರತ್ತ ನೋಡಿದೆ. “ಹೇಳಿ, ನಾನ್ಯಾವ ಹಕ್ಕಿ?”

“ಜೇನುಹುಳದ ಹಾಗಿದೀರಿ.”

ನಾನು ಗೋಡೆಯ ಕಡೆ ತಿರುಗಿದೆ.

“ಕರಿಪಟ್ಟಿ” ಅಂದುಬಿಟ್ಟರು ಭಾವ. ಬಾಯಿಂದ ಜಾರಿದ ಮಾತು ಅದು.

“ಗೊತ್ತಲ್ಲ ನಿಮಗೆ!”

“ಗೊತ್ತಿಲ್ದೆ ಏನು? ನಾನೇ ತಾನೇ ಕಲಿಸಿದ್ದು?”

“ಅದಕ್ಕೇ ಬಂದಿದ್ದು ನಾನು. ನೀವು ಗೊತ್ತಿಲ್ದೆ ಮಾಡಿದ್ರೆ ಮನೇಲಿ ಪಾತ್ರೆ ತೊಳ್ಕೊಂಡಿರ್ತಿದ್ದೆ.”

ಅವರ ಮುಖ ಕೆಂಪೇರಿತು. “ಜನ ಅಷ್ಟೆಲ್ಲ ಎಲ್ಲಿ ನೋಡ್ತಾರಮ್ಮ? ಹಳದಿ ಹಕ್ಕಿ, ಚೆನ್ನಾಗಿದೆ ಅಂತ ಸೆಲ್ಫಿ ತಗೊಂಡು ಹೋಗ್ತಾರೆ. ಈಗ ಬದಲಾಯಿಸೋಕೆ ಟೈಮಿಲ್ಲ. ಬಿಟ್ಟುಬಿಡು.”

ನೋಡದವರಿಗಾಗಿ ಫಲಕ ಯಾಕೆ ನಿಲ್ಲಿಸಬೇಕು? ಕೇಳಬೇಕೆಂದು ಬಾಯಿ ತೆರೆದೆ. ಬಾಗಿಲಿನಿಂದ ಗುಬ್ಬಿಯ ದನಿ ಬಂತು.

“ಹಾಗಾದ್ರೆ ನನ್ನ ಹೆಸರು ತೆಗೀರಿ ದೊಡ್ಡಪ್ಪ.”

“ಹುಚ್ಚಿ! ಅದು ನಿನಗೆ ಗೌರವ ಕಣೇ.”

“ನನ್ನ ಹಕ್ಕಿಗೆ ಸಿಗದ ಗೌರವ ನಂಗೂ ಬೇಡ.”

ಒಳಗೆ ಬಂದು ಅವರ ಕೈಯಿಂದ ಟೇಪಿನ ಸುರುಳಿ ತೆಗೆದುಕೊಂಡು ಹೊರಟಳು. ಕಾರ್ಯದರ್ಶಿ “ಏಯ್, ಏಯ್” ಎನ್ನುತ್ತ ಎದ್ದರು. ಭಾವ ಅವರ ತೋಳು ಹಿಡಿದರು. ಕಿಟಕಿಯಿಂದ ನೋಡಿದೆವು: ನನ್ನ ಮಗಳು ಫಲಕದ ಮುಂದೆ ಮಂಡಿಯೂರಿ ತನ್ನ ಹೆಸರಿನ ಮೇಲೆ ಕಪ್ಪು ಟೇಪು ಅಂಟಿಸಿ, ಅಂಚು ಏಳದ ಹಾಗೆ ಉಗುರಿನಿಂದ ಉಜ್ಜುತ್ತಿದ್ದಳು. ನಾನು ತಲೆಯ ಮೇಲಿನ ಟವೆಲ್ಲು ಮರೆತು ಹಾಗೆಯೇ ರಸ್ತೆ ದಾಟಿದೆ. ಯಾರು ನಕ್ಕರೋ ಗೊತ್ತಿಲ್ಲ.

ಮರುದಿನ ಸಂಜೆ ಉದ್ಘಾಟನೆಯ ಫೋಟೊ ಬಂತು. ದೊಡ್ಡವರು ಕ್ಯಾಮರಾಕ್ಕೆ ಮುಖ ಕೊಟ್ಟು, ಫಲಕಕ್ಕೆ ಬೆನ್ನು ಹಾಕಿ ನಿಂತಿದ್ದರು. ಅವರಿಗೆ ಮುಖ ತೋರಿಸಲೆಂದು ಗುರುತು ಕಳೆದುಕೊಂಡ ಹಕ್ಕಿಗಳನ್ನು ಅವರು ಒಮ್ಮೆ ನೋಡಿದ್ದರೂ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತು. ಸಾಲಿನ ಕೊನೆಯಲ್ಲಿ ಒಬ್ಬರು ಮಾತ್ರ ಆ ಕಡೆ ತಿರುಗಿ, ಕಪ್ಪು ಟೇಪಿನ ಕಡೆಗೆ ಬಗ್ಗಿದ್ದರು. ಅವರ ಹಿಂದಲೆಯಷ್ಟೇ ಕಾಣುತ್ತಿತ್ತು.

“ದೊಡ್ಡಪ್ಪ” ಅಂದಳು ಗುಬ್ಬಿ, ಒಂದು ಕ್ಷಣವೂ ಯೋಚಿಸದೆ.

“ಬಗ್ಗಿ ನೋಡಿದ್ರೆ ಆಯ್ತಾ? ಆ ಬೋರ್ಡ್ ಕಿತ್ತು ಹಾಕಿಸ್ಲಿ, ಆಮೇಲೆ ಮಾತು” ಅಂದೆ.

ಒಲೆಯ ಮೇಲೆ ಹಾಲು ಏಳುತ್ತಿತ್ತು. ಈ ಸಲ ಉಕ್ಕಲು ಬಿಡಲಿಲ್ಲ.